ಸ್ಪೀಕರ್ ಬಾಕ್ಸ್ ಲೆಕ್ಕದ ಮೂಲಪುರುಷ: ಬಾಂಡ್ ಬರೆದುಕೊಟ್ಟು ಸೇನಾ ವೈದ್ಯರಾದ ಹೆಲ್ಮ್‌ಹೋಲ್ಟ್ಜ್ ಬದುಕಿನ ಕಥೆ

ದೇಹೂ ರೋಡ್ (ಪುಣೆ): ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ರೈಲು ದಾರಿಯಲ್ಲಿ ದೇಹೂ ರೋಡ್‌ನಲ್ಲಿ ನಿಲ್ಲುತ್ತದೆ. ಸೇನೆಯ ಕಂಟೋನ್ಮೆಂಟ್ ಇರುವ ಊರಿದು. ಸಂತ ತುಕಾರಾಮರ ದೇಹು ಇಲ್ಲಿಂದ ಕೆಲವೇ ಕಿಲೋಮೀಟರ್. ಈ ಊರಿನ ಮನೆಯೊಂದರಲ್ಲಿ ಯಾರೋ ಒಬ್ಬರು ಭಾನುವಾರ ಸ್ವಂತ ಸ್ಪೀಕರ್ ಬಾಕ್ಸ್ ಮಾಡಲು ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಪುಣೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಿಂದ ತಂದ 8 ಇಂಚಿನ ವೂಫರ್ ಮೇಜಿನ ಮೇಲಿದೆ. ಪ್ಲೈವುಡ್ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ.

ಗರಗಸ ಹಿಡಿಯುವ ಮೊದಲು ಅವರು ಲ್ಯಾಪ್‌ಟಾಪ್ ತೆರೆಯುತ್ತಾರೆ. ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್‌ಗೆ ವೂಫರ್‌ನ ಅಂಕಿಗಳನ್ನು ತುಂಬುತ್ತಾರೆ. ಬಾಕ್ಸ್ ಎಷ್ಟು ಲೀಟರ್, ಪೈಪ್ ಎಷ್ಟು ಉದ್ದ ಎಂಬುದನ್ನು ಬದಲಿಸಿದಂತೆಲ್ಲ ಪರದೆಯ ಮೇಲಿನ ಗೆರೆ ಏಳುತ್ತದೆ, ಇಳಿಯುತ್ತದೆ. ಒಂದು ತುಂಡು ಮರವನ್ನೂ ಕೊಯ್ಯದೆ ಹತ್ತಾರು ಬಾಕ್ಸ್‌ಗಳನ್ನು ಪರೀಕ್ಷಿಸಿ ನೋಡಿದಂತಾಯಿತು.

ಆ ಗೆರೆಯನ್ನು ಹಿಂಬಾಲಿಸುತ್ತಾ ಹೋದರೆ ಇನ್ನೊಂದು ಸೇನಾ ಊರು ಸಿಗುತ್ತದೆ. ಅದು ಜರ್ಮನಿಯ ಪಾಟ್ಸ್‌ಡಾಮ್. ಭೌತಶಾಸ್ತ್ರ ಓದಬೇಕೆಂದು ಆಸೆಪಟ್ಟು, ಮನೆಯಲ್ಲಿ ಹಣವಿಲ್ಲದೆ ವೈದ್ಯಕೀಯಕ್ಕೆ ಸೇರಿದ ಮೇಷ್ಟ್ರ ಮಗನೊಬ್ಬ ಹುಟ್ಟಿದ್ದು ಅಲ್ಲಿ. ಹೆಸರು ಹರ್ಮನ್ ಹೆಲ್ಮ್‌ಹೋಲ್ಟ್ಜ್.

ಓದಿಗೆ ಬದಲು ಸೇನಾ ಸೇವೆಯ ಬಾಂಡ್

ಹೆಲ್ಮ್‌ಹೋಲ್ಟ್ಜ್ ಹುಟ್ಟಿದ್ದು 1821ರ ಆಗಸ್ಟ್ 31ರಂದು. ತಂದೆ ಫರ್ಡಿನಾಂಡ್ ಪಾಟ್ಸ್‌ಡಾಮ್‌ನ ಪ್ರೌಢಶಾಲೆಯಲ್ಲಿ ಮೇಷ್ಟ್ರು. ತತ್ವಶಾಸ್ತ್ರ, ಸಂಗೀತ, ಚಿತ್ರಕಲೆಯಲ್ಲಿ ಆಸಕ್ತಿ ಇದ್ದವರು. ಮನೆಯಲ್ಲಿ ಪುಸ್ತಕಗಳಿಗೆ ಬರವಿರಲಿಲ್ಲ, ಆದರೆ ಸಂಬಳ ಸಂಸಾರಕ್ಕೆ ಸಾಲುವಷ್ಟು ಮಾತ್ರ. ಮಗನಿಗೆ ಭೌತಶಾಸ್ತ್ರದ ಹುಚ್ಚು. ಅದನ್ನು ವಿಶ್ವವಿದ್ಯಾಲಯದಲ್ಲಿ ಓದಿಸುವ ಶಕ್ತಿ ತಂದೆಗಿರಲಿಲ್ಲ.

ಒಂದೇ ಒಂದು ದಾರಿ ಇತ್ತು. ಬರ್ಲಿನ್‌ನ ಸೇನಾ ವೈದ್ಯಕೀಯ ಸಂಸ್ಥೆಯಲ್ಲಿ ಬಡ ವಿದ್ಯಾರ್ಥಿಗಳಿಗೆ ಸರ್ಕಾರದ ಖರ್ಚಿನಲ್ಲಿ ಓದು ಸಿಗುತ್ತಿತ್ತು. ಷರತ್ತೇನೆಂದರೆ, ಓದು ಮುಗಿದ ಮೇಲೆ ಎಂಟು ವರ್ಷ ಸೇನೆಯಲ್ಲಿ ವೈದ್ಯನಾಗಿ ದುಡಿಯಬೇಕು. 1838ರಲ್ಲಿ ಹದಿನೇಳರ ಹುಡುಗ ಆ ಷರತ್ತಿಗೆ ಒಪ್ಪಿ ಬರ್ಲಿನ್‌ಗೆ ಹೊರಟ. ಜತೆಗೆ ಮನೆಯ ಪಿಯಾನೋ ಕೂಡ ಹೋಯಿತು.

ಓದುವಾಗಲೇ ಟೈಫಸ್ ಜ್ವರ ಬಂದು ಶಾರಿಟೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವೈದ್ಯ ವಿದ್ಯಾರ್ಥಿಗಳಿಗೆ ಅಲ್ಲಿ ಚಿಕಿತ್ಸೆ ಉಚಿತ. ಹಾಗಾಗಿ ಆ ಅವಧಿಯ ಭತ್ಯೆ ಖರ್ಚಾಗದೆ ಉಳಿಯಿತು. ಚೇತರಿಸಿಕೊಂಡ ಮೇಲೆ ಆ ಹಣದಲ್ಲಿ ಒಂದು ಸಣ್ಣ ಸೂಕ್ಷ್ಮದರ್ಶಕ ಕೊಂಡರು. 1842ರಲ್ಲಿ ವೈದ್ಯ ಪದವಿಗಾಗಿ ನರತಂತುಗಳ ಬಗ್ಗೆ ಬರೆದ ಪ್ರಬಂಧಕ್ಕೆ ನೆರವಾಗಿದ್ದು ಅದೇ ಉಪಕರಣ.

ಬ್ಯಾರಕ್‌ನೊಳಗೊಂದು ಪ್ರಯೋಗಾಲಯ

1843ರಲ್ಲಿ ಹೆಲ್ಮ್‌ಹೋಲ್ಟ್ಜ್ ಹುಟ್ಟೂರು ಪಾಟ್ಸ್‌ಡಾಮ್‌ಗೆ ಅಶ್ವದಳದ ವೈದ್ಯರಾಗಿ ಬಂದರು. ಹಗಲು ಸೈನಿಕರ ಆರೋಗ್ಯ ನೋಡುವ ಕೆಲಸ. ಬಿಡುವಾದಾಗ ಬ್ಯಾರಕ್‌ನಲ್ಲೇ ಕಟ್ಟಿಕೊಂಡ ಪುಟ್ಟ ಪ್ರಯೋಗಾಲಯ. ಸ್ನಾಯು ಕೆಲಸ ಮಾಡುವಾಗ ಶಾಖ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅವರನ್ನು ಶಕ್ತಿಯ ನಿತ್ಯತೆಯ ಸಿದ್ಧಾಂತದ ಕಡೆಗೆ ಎಳೆಯಿತು.

1847ರ ಜುಲೈ 23ರಂದು ಬರ್ಲಿನ್‌ನ ಭೌತಶಾಸ್ತ್ರ ಸಂಘದಲ್ಲಿ ಆ ಪ್ರಬಂಧ ಮಂಡಿಸಿದರು. ಶಕ್ತಿ ರೂಪ ಬದಲಿಸುತ್ತದೆ, ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬುದು ಅದರ ತಿರುಳು. ಆ ಕಾಲದ ಪ್ರಮುಖ ಭೌತಶಾಸ್ತ್ರ ಪತ್ರಿಕೆ ಅದನ್ನು ಪ್ರಕಟಿಸಲು ಒಪ್ಪಲಿಲ್ಲ. ಕೊನೆಗೆ ಪುಟ್ಟ ಪುಸ್ತಕವಾಗಿ ಹೊರಬಂತು. ಇಂದು ಹೈಸ್ಕೂಲ್ ಮಕ್ಕಳೂ ಓದುವ ಪಾಠ, ಅಂದು 25ರ ಸೇನಾ ವೈದ್ಯನ ತಿರಸ್ಕೃತ ಲೇಖನ.

ಮರುವರ್ಷ ಹಿರಿಯ ವಿಜ್ಞಾನಿ ಅಲೆಕ್ಸಾಂಡರ್ ಹಂಬೋಲ್ಟ್ ನೆರವಿನಿಂದ ಬಾಂಡ್ ಅವಧಿ ಮುಗಿಯುವ ಮೊದಲೇ ಸೇನೆಯಿಂದ ಬಿಡುಗಡೆ ಸಿಕ್ಕಿತು. 1849ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಅದೇ ವರ್ಷ ಓಲ್ಗಾ ಜತೆ ಮದುವೆ. ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದಿದ್ದು, ಕಣ್ಣಿನ ಒಳಭಾಗವನ್ನು ನೋಡುವ ಆಫ್ತಾಲ್ಮೋಸ್ಕೋಪ್ ರೂಪಿಸಿದ್ದು ಇಲ್ಲೇ. 1851ರಲ್ಲಿ ಅದರ ವಿವರ ಪ್ರಕಟವಾಗುತ್ತಿದ್ದಂತೆ ಯುರೋಪಿನ ಕಣ್ಣಿನ ವೈದ್ಯರೆಲ್ಲ ಈ ಹೆಸರನ್ನು ಕೇಳಿದ್ದರು.

ಕಿವಿಗೆ ಹಿಡಿದ ಟೊಳ್ಳು ಗೋಳ

ಕಣ್ಣಿನ ನಂತರ ಸರದಿ ಕಿವಿಯದು. 1855ರಲ್ಲಿ ಬಾನ್, 1858ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ. ಒಂದೇ ಸ್ವರವನ್ನು ಪಿಟೀಲಿನಲ್ಲೂ ಕೊಳಲಿನಲ್ಲೂ ನುಡಿಸಿದರೆ ಕಿವಿಗೆ ಬೇರೆ ಬೇರೆ ಕೇಳಿಸುತ್ತದಲ್ಲ, ಏಕೆ? ಪ್ರತಿ ಸ್ವರದೊಳಗೂ ಅಡಗಿರುವ ಉಪಸ್ವರಗಳೇ ಕಾರಣ ಎಂದು ಅವರು ತೋರಿಸಬೇಕಿತ್ತು. ಆಗ ಮೈಕ್ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ.

ಅವರು ಬಳಸಿದ್ದು ಟೊಳ್ಳು ಗೋಳಗಳನ್ನು. ಗಾಜಿನವು, ನಂತರ ಹಿತ್ತಾಳೆಯವು. ಒಂದು ಬದಿಯಲ್ಲಿ ತೆರೆದ ಬಾಯಿ, ಇನ್ನೊಂದು ಬದಿಯಲ್ಲಿ ಕಿವಿಗೆ ಕೂರುವ ಸಣ್ಣ ತುದಿ. ತುದಿಗೆ ಮೇಣ ಮೆತ್ತಿ ಕಿವಿಯೊಳಗೆ ಗಾಳಿ ನುಸುಳದಂತೆ ಕೂರಿಸುತ್ತಿದ್ದರು. ಪ್ರತಿ ಗೋಳವೂ ಒಂದೇ ಒಂದು ಸ್ವರಕ್ಕೆ ಮಾತ್ರ ಜೋರಾಗಿ ಮೊಳಗುತ್ತಿತ್ತು. ಹತ್ತು ವಾದ್ಯಗಳ ಗದ್ದಲದಲ್ಲೂ ಆ ಸ್ವರ ಇದೆಯೋ ಇಲ್ಲವೋ ಎಂದು ಗೋಳ ಹೇಳಿಬಿಡುತ್ತಿತ್ತು. ಇದೇ ಮುಂದೆ ಹೆಲ್ಮ್‌ಹೋಲ್ಟ್ಜ್ ರೆಸೊನೇಟರ್ ಎಂದು ಹೆಸರಾಯಿತು.

ಇದರ ಗುಟ್ಟು ಸರಳ. ಗೋಳದೊಳಗಿನ ಗಾಳಿ ಸ್ಪ್ರಿಂಗ್‌ನಂತೆ, ಬಾಯಿಯಲ್ಲಿರುವ ಗಾಳಿ ಅದಕ್ಕೆ ಕಟ್ಟಿದ ತೂಕದಂತೆ. ಸ್ಪ್ರಿಂಗ್‌ಗೆ ತೂಕ ಕಟ್ಟಿ ಎಳೆದುಬಿಟ್ಟರೆ ಅದು ತನ್ನದೇ ಲಯದಲ್ಲಿ ಓಲಾಡುತ್ತದೆ. ಗಾಳಿಯೂ ಹಾಗೆಯೇ. ಪಾತ್ರೆ ದೊಡ್ಡದಾದಷ್ಟೂ, ಕತ್ತು ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಬಾಯಿ ಅಗಲವಾದರೆ ಸ್ವರ ಏರುತ್ತದೆ.

ನಮ್ಮ ಊರುಗಳಲ್ಲಿ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿ ಬಾಸ್ ಹೆಚ್ಚಿಸಿಕೊಂಡವರನ್ನು ನೀವು ನೋಡಿರಬಹುದು. ಒಳಗೆ ಸಿಕ್ಕ ಗಾಳಿ ಸದ್ದನ್ನು ಬದಲಿಸುತ್ತದೆ ಎಂಬುದು ಅವರಿಗೆ ಕಿವಿಯಿಂದಲೇ ಗೊತ್ತಿತ್ತು. ಯಾವ ಮಡಕೆ ಯಾವ ಸ್ವರಕ್ಕೆ ಮೊಳಗುತ್ತದೆ ಎಂಬ ಲೆಕ್ಕ ಮಾತ್ರ ಇರಲಿಲ್ಲ.

ದುಃಖದ ವರ್ಷದ ಗಣಿತ

ಆ ಲೆಕ್ಕ ಹುಟ್ಟಿದ್ದು ಹೆಲ್ಮ್‌ಹೋಲ್ಟ್ಜ್ ಬದುಕಿನ ಅತ್ಯಂತ ಕಷ್ಟದ ದಿನಗಳಲ್ಲಿ. 1859ರಲ್ಲಿ ತಂದೆ ತೀರಿಕೊಂಡರು. ಬಹುಕಾಲ ಕಾಯಿಲೆಯಿಂದ ನರಳಿದ ಪತ್ನಿ ಓಲ್ಗಾ ಅದೇ ವರ್ಷ ಡಿಸೆಂಬರ್ 28ರಂದು ಕಣ್ಮುಚ್ಚಿದರು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ತೆರೆದ ತುದಿಯ ಕೊಳವೆಗಳಲ್ಲಿ ಗಾಳಿ ಕಂಪಿಸುವ ಬಗ್ಗೆ ಅವರು ಬರೆದ ಗಣಿತದ ಪ್ರಬಂಧ 1860ರಲ್ಲಿ ಪ್ರಕಟವಾಯಿತು.

ಅದರಲ್ಲಿದ್ದ ಒಂದು ಅಂಶ ಇಂದು ಬಾಕ್ಸ್ ಮಾಡುವವರಿಗೆಲ್ಲ ಬೇಕು. ಪೈಪ್‌ನ ಬಾಯಿಯ ಆಚೆಗಿನ ಸ್ವಲ್ಪ ಗಾಳಿಯೂ ಒಳಗಿನ ಗಾಳಿಯ ಜತೆಗೇ ಅಲುಗಾಡುತ್ತದೆ. ಹಾಗಾಗಿ ಪೈಪ್ ಇರುವುದಕ್ಕಿಂತ ಉದ್ದವಾಗಿರುವಂತೆ ವರ್ತಿಸುತ್ತದೆ.

ದೇಹೂ ರೋಡ್‌ನ ನಮ್ಮ ಬಾಕ್ಸ್‌ಗೇ ಬನ್ನಿ. ಒಳಗಿನ ಜಾಗ 40 ಲೀಟರ್, ಪೋರ್ಟ್‌ಗೆ 10 ಸೆಂ.ಮೀ ಒಳವ್ಯಾಸದ ಪಿವಿಸಿ ಪೈಪ್, ಉದ್ದ 15 ಸೆಂ.ಮೀ ಎಂದುಕೊಳ್ಳೋಣ. ತುದಿಯ ಗಾಳಿಯನ್ನೂ ಸೇರಿಸಿದರೆ ಲೆಕ್ಕಕ್ಕೆ ಸಿಗುವ ಉದ್ದ ಸುಮಾರು 22 ಸೆಂ.ಮೀ. ಈ ಬಾಕ್ಸ್ ಮೊಳಗುವುದು ಸುಮಾರು 51 ಹರ್ಟ್ಜ್‌ನಲ್ಲಿ. ಪೈಪನ್ನು 25 ಸೆಂ.ಮೀ ಮಾಡಿದರೆ ಅದು ಸುಮಾರು 43 ಹರ್ಟ್ಜ್‌ಗೆ ಇಳಿಯುತ್ತದೆ. ತುದಿಯ ಗಾಳಿಯನ್ನು ಮರೆತು ಲೆಕ್ಕ ಹಾಕಿದರೆ ಮೊದಲ ಬಾಕ್ಸ್‌ನ ಉತ್ತರ 60 ಹರ್ಟ್ಜ್ ದಾಟುತ್ತದೆ. ಅಂದರೆ ಕಾಗದದ ಮೇಲೊಂದು ಸ್ಪೀಕರ್, ಕೋಣೆಯಲ್ಲಿ ಇನ್ನೊಂದು.

ಇದು ಬರೀ ಸದ್ದಿನ ಪ್ರಶ್ನೆಯೂ ಅಲ್ಲ. ಬಾಕ್ಸ್ ಮೊಳಗುವ ಆವರ್ತನಕ್ಕಿಂತ ಕೆಳಗಿನ ಸದ್ದಿಗೆ ವೂಫರ್‌ನ ಕೋನ್‌ಗೆ ಒಳಗಿನ ಗಾಳಿಯ ತಡೆ ಸಿಗುವುದಿಲ್ಲ. ಅಂಥ ಸದ್ದನ್ನು ಜೋರಾಗಿ ಕೊಟ್ಟರೆ ಕೋನ್ ಮಿತಿ ಮೀರಿ ಹೊಯ್ದಾಡಿ ವೂಫರ್ ಹಾಳಾಗಬಹುದು. ತಪ್ಪು ಲೆಕ್ಕಕ್ಕೆ ಬೆಲೆ ತೆರುವುದು ಮನೆಯವರ ಜೇಬು.

ತಪ್ಪಾಗಿ ಓದಿದ ಬೆಲ್, ಮನಸಿಟ್ಟು ಓದಿದ ರಾಮನ್

1861ರಲ್ಲಿ ಹೆಲ್ಮ್‌ಹೋಲ್ಟ್ಜ್ ಆನಾ ಫಾನ್ ಮೋಲ್ ಅವರನ್ನು ಮದುವೆಯಾದರು. 1863ರಲ್ಲಿ ಸ್ವರ ಸಂವೇದನೆ ಕುರಿತ ಅವರ ದೊಡ್ಡ ಗ್ರಂಥ ಹೊರಬಂತು. ಭೌತಶಾಸ್ತ್ರ, ಕಿವಿಯ ರಚನೆ, ಸಂಗೀತ ಮೂರೂ ಒಂದೇ ಪುಸ್ತಕದಲ್ಲಿ. ವೈದ್ಯಕೀಯಕ್ಕೆ ತಳ್ಳಲ್ಪಟ್ಟಿದ್ದ ಭೌತಶಾಸ್ತ್ರಪ್ರೇಮಿಯೇ ಅದನ್ನು ಬರೆಯಬೇಕಿತ್ತು. ಕೈತಪ್ಪಿದ ಓದು, ಬೇಡವಾಗಿ ಬಂದ ಓದು ಎರಡೂ ಅಲ್ಲಿ ಒಂದಾಗಿದ್ದವು.

ಈ ಸಂಶೋಧನೆಯನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಪ್ಪಾಗಿ ಅರ್ಥ ಮಾಡಿಕೊಂಡಿದ್ದು ಸ್ವಾರಸ್ಯಕರ. ವಿದ್ಯುತ್ತಿನಿಂದ ಕಂಪಿಸುವ ಶ್ರುತಿಕವೆಗಳಿಂದ ಹೆಲ್ಮ್‌ಹೋಲ್ಟ್ಜ್ ಸ್ವರಾಕ್ಷರಗಳ ಸದ್ದನ್ನು ಹುಟ್ಟಿಸಿದ್ದರು. ಜರ್ಮನ್ ಸರಿಯಾಗಿ ಬಾರದ ಬೆಲ್, ತಂತಿಯ ಮೂಲಕ ಸ್ವರಾಕ್ಷರಗಳನ್ನು ಕಳುಹಿಸಲಾಗಿದೆ ಎಂದುಕೊಂಡರು. ಆ ತಪ್ಪು ತಿಳಿವಳಿಕೆಯೇ ಅವರನ್ನು 1876ರ ಟೆಲಿಫೋನ್ ಕಡೆಗೆ ನಡೆಸಿತು.

ಭಾರತದಲ್ಲಿ ಅದೇ ಗ್ರಂಥವನ್ನು ಮದ್ರಾಸಿನ ಒಬ್ಬ ವಿದ್ಯಾರ್ಥಿ ಮನಸಿಟ್ಟು ಓದಿದರು. ಅವರು ಸಿ.ವಿ. ರಾಮನ್. ತಮ್ಮನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಅದೂ ಒಂದೆಂದು ಅವರು ಸ್ಮರಿಸಿದ್ದಾರೆ. ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ನಾದದ ಬಗ್ಗೆ ರಾಮನ್ ಸಂಶೋಧನೆ ನಡೆಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು, 1970ರಲ್ಲಿ ನಿಧನರಾಗುವವರೆಗೂ ಬೆಂಗಳೂರಿನಲ್ಲೇ ನೆಲೆಸಿದರು.

ಗೋಳದಿಂದ ಸಾಫ್ಟ್‌ವೇರ್‌ವರೆಗೆ

ಹೆಲ್ಮ್‌ಹೋಲ್ಟ್ಜ್ ಕಾಲದಲ್ಲಿ ಇಂದಿನಂಥ ಧ್ವನಿವರ್ಧಕ ಇರಲಿಲ್ಲ. ಈಗ ನಾವು ಬಳಸುವ ಮಾದರಿಯ ಸ್ಪೀಕರ್ ರೂಪ ಪಡೆದಿದ್ದು 1925ರ ಹೊತ್ತಿಗೆ, ಅಮೆರಿಕದಲ್ಲಿ. 1930ರಲ್ಲಿ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಪೆಟ್ಟಿಗೆಗೆ ರಂಧ್ರ ಕೊಟ್ಟು ಬಾಸ್ ಹೆಚ್ಚಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಹಿತ್ತಾಳೆಯ ಗೋಳ ಮರದ ಪೆಟ್ಟಿಗೆಯಾಯಿತು.

ಆದರೂ ಯಾವ ವೂಫರ್‌ಗೆ ಎಷ್ಟು ದೊಡ್ಡ ಪೆಟ್ಟಿಗೆ ಎಂಬುದು ಬಹುಕಾಲ ಅಂದಾಜಿನ ಕೆಲಸವೇ ಆಗಿತ್ತು. 1961ರಲ್ಲಿ ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ ಸ್ಪೀಕರನ್ನೂ ಪೆಟ್ಟಿಗೆಯನ್ನೂ ಒಂದೇ ವಿದ್ಯುತ್ ಫಿಲ್ಟರ್‌ನಂತೆ ಲೆಕ್ಕ ಹಾಕುವ ದಾರಿ ತೋರಿಸಿದರು. ಎಪ್ಪತ್ತರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ವೂಫರ್ ಜತೆ ಬರುವ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂಕಿಗಳನ್ನು ಥೀಲ್-ಸ್ಮಾಲ್ ಮಾನಕಗಳು ಎನ್ನುವುದು ಇದಕ್ಕೇ. ಎಫ್‌ಎಸ್ ಎಂದರೆ ವೂಫರ್ ತಾನಾಗಿ ಕಂಪಿಸುವ ಆವರ್ತನ. ಕ್ಯೂಟಿಎಸ್ ಅದರ ಓಲಾಟಕ್ಕಿರುವ ಹಿಡಿತವನ್ನು ತಿಳಿಸುತ್ತದೆ. ವಿಎಎಸ್ ಅದರ ಸಸ್ಪೆನ್ಷನ್‌ನಷ್ಟೇ ಬಿಗಿಯಾಗಿ ವರ್ತಿಸುವ ಗಾಳಿಯ ಪ್ರಮಾಣ. ಸಾಫ್ಟ್‌ವೇರ್ ಗೆರೆ ಎಳೆಯುವುದು ಇವುಗಳನ್ನು ಇಟ್ಟುಕೊಂಡೇ.

ಗೆರೆಯ ಕೆಳಗಿನ ಹೆಸರು

1871ರಲ್ಲಿ ಹೆಲ್ಮ್‌ಹೋಲ್ಟ್ಜ್ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಬಾಲ್ಯದಲ್ಲಿ ಕೈಗೆಟುಕದ ವಿಷಯ ಸಿಗುವ ಹೊತ್ತಿಗೆ ಅವರಿಗೆ ಐವತ್ತು. 1880ರ ದಶಕದಲ್ಲಿ ಬರ್ಲಿನ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾಪನ ಸಂಸ್ಥೆಗೆ ಅವರೇ ಮೊದಲ ಅಧ್ಯಕ್ಷರು.

ಬರ್ಲಿನ್‌ನಲ್ಲಿ ಸಿಕ್ಕ ಶಿಷ್ಯರಲ್ಲಿ ಹೆನ್ರಿಕ್ ಹರ್ಟ್ಜ್ ಅಚ್ಚುಮೆಚ್ಚಿನವರು. ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ಸಾಬೀತು ಮಾಡಿದ ಹರ್ಟ್ಜ್ 1894ರ ಜನವರಿ 1ರಂದು, ಕೇವಲ 36ನೇ ವಯಸ್ಸಿನಲ್ಲಿ ತೀರಿಕೊಂಡರು. ಶಿಷ್ಯನ ಕೊನೆಯ ಪುಸ್ತಕಕ್ಕೆ ಮುನ್ನುಡಿ ಬರೆಯುವ ಕೆಲಸ ಗುರುವಿನ ಪಾಲಿಗೆ ಬಂತು. ಹಿಂದಿನ ವರ್ಷವಷ್ಟೇ ಅಮೆರಿಕದ ಷಿಕಾಗೊ ಪ್ರವಾಸದಿಂದ ಮರಳುವಾಗ ಹೆಲ್ಮ್‌ಹೋಲ್ಟ್ಜ್ ಹಡಗಿನ ಮೆಟ್ಟಿಲಿನಿಂದ ಬಿದ್ದು ಗಾಯಗೊಂಡಿದ್ದರು. ಜುಲೈನಲ್ಲಿ ಪಾರ್ಶ್ವವಾಯು ಬಡಿಯಿತು. 1894ರ ಸೆಪ್ಟೆಂಬರ್ 8ರಂದು, 73ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ವಿನ್‌ಐಎಸ್‌ಡಿ ಪರದೆಯಲ್ಲಿ ಗೆರೆಯ ಕೆಳಗೆ ಅಂಕಿಗಳ ಪಕ್ಕ ಕಾಣುವ ಹರ್ಟ್ಜ್ ಎಂಬ ಮಾನ ಆ ಶಿಷ್ಯನ ಹೆಸರು. ಮೊಳಗುವ ಆವರ್ತನದ ಲೆಕ್ಕ ಗುರುವಿನದು.

ಬಾಕ್ಸ್ ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸುವುದೂ ಸುಲಭ. ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್‌ನಿಂದ, ವಾಲ್ಯೂಮ್ ಕಡಿಮೆ ಇಟ್ಟುಕೊಂಡು, 80 ಹರ್ಟ್ಜ್‌ನಿಂದ ನಿಧಾನವಾಗಿ ಕೆಳಗಿಳಿಯುತ್ತಾ ಬನ್ನಿ. ಒಂದು ಹಂತದಲ್ಲಿ ವೂಫರ್‌ನ ಕೋನ್ ಅಲುಗಾಟ ನಿಂತಂತೆ ಕಾಣುತ್ತದೆ, ಪೈಪ್‌ನ ಬಾಯಿಗೆ ಹಿಡಿದ ಅಂಗೈಗೆ ಮಾತ್ರ ಗಾಳಿ ಬಡಿಯುತ್ತದೆ. ಆಗ ಆ್ಯಪ್ ತೋರಿಸುವ ಅಂಕಿ ಸಾಫ್ಟ್‌ವೇರ್ ಹೇಳಿದ ಅಂಕಿಗೆ ಹತ್ತಿರವಿದ್ದರೆ ಮರ ಸರಿಯಾಗಿಯೇ ಕೊಯ್ದಿದ್ದೀರಿ. ದೂರವಿದ್ದರೆ ಗೆರೆಯನ್ನಲ್ಲ, ಪೈಪನ್ನು ತಿದ್ದಿಕೊಳ್ಳಿ.