ಏಳು ತಂತಿಯ ಸಾಧಕ ಚೌಡಯ್ಯನವರು

ಪಿಟೀಲಿಗೆ ತಂತಿಗಳು ನಾಲ್ಕೇ ಇರಬೇಕೆ? ಈ ಪ್ರಶ್ನೆಗೆ ತಮ್ಮ ಸಾಧನೆಯಿಂದಲೇ ಉತ್ತರವಿತ್ತವರು ಮೈಸೂರಿನ ಟಿ. ಚೌಡಯ್ಯನವರು.

ಕಾವೇರಿ-ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಇವರು, 1910ರಿಂದ 1918ರವರೆಗೆ ಬಿಡಾರಂ ಕೃಷ್ಣಪ್ಪನವರಲ್ಲಿ ಕಠಿನ ಶಿಕ್ಷಣವನ್ನು ಪಡೆದು, ಗುರುವಿನ ಗಾಯನಕ್ಕೇ ಪಕ್ಕವಾದ್ಯ ನುಡಿಸುವ ಯೋಗ್ಯತೆಯನ್ನು ಸಂಪಾದಿಸಿದರು.

ಆ ಕಾಲದ ಕಚೇರಿಗಳಿಗೆ ಧ್ವನಿವರ್ಧಕದ ನೆರವಿರಲಿಲ್ಲ. ಸಭೆ ದೊಡ್ಡದಾದಂತೆ ಪಿಟೀಲಿನ ನಾದವು ಹಿಂದಿನ ಸಾಲಿನವರನ್ನು ಮುಟ್ಟುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಚೌಡಯ್ಯನವರು ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಸ್ಥಾಯಿಭೇದದಿಂದ ಶ್ರುತಿಗೂಡಿಸಿ, 1927ರಲ್ಲಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು.

ಇದು ಸುಲಭಸಾಧ್ಯವಾಗಿರಲಿಲ್ಲ. ಒಂದೇ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಅಂತಹ ವಾದ್ಯವನ್ನು ಹಿಡಿದು ರಸಿಕರ ಮುಂದೆ ಕುಳಿತುಕೊಳ್ಳುವುದೆಂದರೆ ಗಳಿಸಿದ ಕೀರ್ತಿಯನ್ನೇ ಪಣಕ್ಕೊಡ್ಡಿದಂತೆ. ಅಭ್ಯಾಸಬಲದಿಂದ ಅವರು ಅದನ್ನು ವಶಮಾಡಿಕೊಂಡರು. ಚೆಂಬೈ ವೈದ್ಯನಾಥ ಭಾಗವತರ ತುಂಬುಕಂಠಕ್ಕೆ ಅವರ ಪಿಟೀಲು ಸರಿಸಾಟಿಯಾಗಿ ನಿಂತಿತು.

ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಅವರು ತ್ರಿಮಕುಟ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾದರು. 1967ರ ಜನವರಿ 19ರಂದು ದಿವಂಗತರಾದರು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನವು ಪಿಟೀಲಿನ ಆಕೃತಿಯಲ್ಲಿಯೇ ನಿಂತಿದೆ.

ಧ್ವನಿವರ್ಧಕವು ಬಂದಮೇಲೆ ಏಳು ತಂತಿಯ ಅಗತ್ಯವು ಕಡಿಮೆಯಾಯಿತು. ಇಂದು ನಾಲ್ಕು ತಂತಿಯ ವಾದ್ಯವೇ ರೂಢಿಯಲ್ಲಿದೆ. ಆದರೂ ಕಡೆಯ ಸಾಲಿನಲ್ಲಿ ಕುಳಿತವನಿಗೂ ನಾದವು ಕೇಳಿಸಬೇಕೆಂದು ಶ್ರಮಿಸಿದ ಆ ಮಹನೀಯರನ್ನು ಕನ್ನಡಿಗರು ಕೃತಜ್ಞತೆಯಿಂದ ಸ್ಮರಿಸಬೇಕು.