ವಂಶಾವಳಿ ಕೊಂದವರದ್ದು, ಸತ್ತವರದ್ದಲ್ಲ

ಸರಣಿ ಹಂತಕರ ಕೈಲಿ ಸತ್ತು ಗುರುತು ಸಿಗದೆ ಉಳಿದವರಿಗೆ ಅಮೆರಿಕದಲ್ಲಿ ಈಗ ಡಿಎನ್‌ಎ, ವಂಶವೃಕ್ಷ ಜೋಡಿಸಿ ಹೆಸರು ಹುಡುಕುತ್ತಿದ್ದಾರೆ. ಆ ಸುದ್ದಿ ಓದಿದಾಗ ನನಗೆ ನೆನಪಾಗೋದು ಮೆಡೋಸ್ ಟೇಲರ್. ಲಿಂಗಸುಗೂರು ಕಡೆಯ ನಮಗೆ ಆತ ಹೊಳೆಯಾಚೆ ಸುರಪುರದ ಟೇಲರ್ ಸಾಹೇಬ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು ಹದಿಹರೆಯದಲ್ಲೇ ಇಲ್ಲಿಗೆ ಬಂದು ನಿಜಾಮನ ಸೇನೆ ಸೇರಿದ. 1830ರ ದಶಕದಲ್ಲಿ ಸಿಕ್ಕಿಬಿದ್ದ ಠಕ್ಕರ ತಪ್ಪೊಪ್ಪಿಗೆಗಳನ್ನು ಎದುರು ಕೂತು ಬರೆದುಕೊಂಡ. ದಾರಿಹೋಕರ ಸ್ನೇಹ ಮಾಡಿ, ಬಟ್ಟೆಯಿಂದ ಕುತ್ತಿಗೆ ಬಿಗಿದು, ಹೂತು ಮುಂದೆ ಹೋಗುತ್ತಿದ್ದವರು ಅವರು. ಹೋದವನು ಯಾಕೆ ಬರಲಿಲ್ಲ ಅಂತ ಮನೆಯವರಿಗೆ ತಿಳೀತಲೇ ಇರಲಿಲ್ಲ. 1839ರ ಆತನ ಕಾದಂಬರಿಯ ಅಮೀರ್ ಅಲಿ 719 ಕೊಲೆಗಳ ಲೆಕ್ಕ ಕೊಡ್ತಾನೆ. (ಇಂಥ ಲೆಕ್ಕಗಳನ್ನು ಇತಿಹಾಸಕಾರರು ಪೂರಾ ನಂಬಲ್ಲ, ನಾನೂ ನಂಬಲ್ಲ.) ಮಾಫಿಸಾಕ್ಷಿಗಳು ತೋರಿಸಿದ ಕಡೆ ಅಗೆದಾಗ ಎಲುಬುಗಳೇನೋ ಸಿಕ್ಕವು. ವಂಶಾವಳಿಯೂ ಆಗಲೇ ತಯಾರಾಯ್ತು. ಆದರೆ ಸ್ಲೀಮನ್ ಬರೆಸಿದ್ದು ಠಕ್ಕರ ಮನೆತನಗಳದ್ದು, ಯಾರ ಮಗ ಯಾರು ಅಂತ.

1841ರಲ್ಲಿ ಸುರಪುರಕ್ಕೆ ಬಂದ ಟೇಲರ್, ಬಾಲರಾಜ ವೆಂಕಟಪ್ಪ ನಾಯಕನ ಪಾಲಿಗೆ ಅಪ್ಪನೇ ಆದ. ಸುತ್ತಲಿನ ಪ್ರಾಚೀನ ಶಿಲಾಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಸಮೇತ ದಾಖಲಿಸಿದ. 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ.

ಠಕ್ಕರ ಆ ವಂಶಾವಳಿಗಳು 1836ರ ಸ್ಲೀಮನ್ ಪುಸ್ತಕದಲ್ಲಿ ಇವತ್ತೂ ಓದಲು ಸಿಗುತ್ತವೆ.