ಸಾಗರದ ವಿದ್ಯಾದಾನಿ ಹರಿಸಿಂಗ್ ಗೌರ್

ಶಿವಮೊಗ್ಗ ಜಿಲ್ಲೆಯಲ್ಲಿ ಸಾಗರವೆಂಬ ಊರು ಇರುವಂತೆ ಮಧ್ಯಪ್ರದೇಶದಲ್ಲಿಯೂ ಅದೇ ಹೆಸರಿನ ಊರೊಂದಿದೆ. ವಿಂಧ್ಯದ ಗುಡ್ಡಗಳ ನಡುವೆ, ವಿಶಾಲವಾದ ಕೆರೆಯೊಂದರ ದಡದಲ್ಲಿ ಅದು ಬೆಳೆದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೊಂದು ಸಣ್ಣ ಪಟ್ಟಣ. ಹಳೆಯ ಕೋಟೆ, ಬ್ರಿಟಿಷರ ದಂಡು, ಒಂದು ಪೇಟೆ ಇವೇ ಅದರ ಹೆಗ್ಗುರುತುಗಳು. ಹರಿಸಿಂಗ್ ಗೌರ್ ಅವರು 1870ನೆಯ ನವೆಂಬರ್ 26ರಂದು ಈ ಊರಿನ ಬಡ ಕುಟುಂಬವೊಂದರಲ್ಲಿ ಜನಿಸಿದರು.

ಬಾಲಕ ಹರಿಸಿಂಗನು ಓದಿನಲ್ಲಿ ಚುರುಕು. ಆದರೆ ಓದು ಮುಂದುವರಿದಂತೆಲ್ಲ ಊರು ದೂರವಾಗುತ್ತ ಹೋಯಿತು. ಸಾಗರದ ಶಾಲೆಯಿಂದ ಜಬಲ್‌ಪುರಕ್ಕೆ, ಅಲ್ಲಿಂದ ನಾಗಪುರದ ಹಿಸ್ಲಾಪ್ ಕಾಲೇಜಿಗೆ, ಕಡೆಗೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಅವರು ಹೋಗಬೇಕಾಯಿತು. ವಿದ್ಯಾರ್ಥಿವೇತನದ ಬಲದಿಂದಲೂ ಬಂಧುಗಳ ನೆರವಿನಿಂದಲೂ ಅವರು ಈ ದಾರಿಯನ್ನು ಕ್ರಮಿಸಿದರು. ಅಂತಹ ಆಸರೆಯಿಲ್ಲದ ಎಷ್ಟೋ ಬಾಲಕರ ಓದು ಊರಿನ ಎಲ್ಲೆಯಲ್ಲಿಯೇ ನಿಂತುಹೋಗುತ್ತಿತ್ತು.

ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಮರಳಿದ ಗೌರ್ ಅವರು ಬಹುಬೇಗ ಹೆಸರಾಂತ ನ್ಯಾಯವಾದಿಗಳಾದರು. ದಂಡಸಂಹಿತೆ, ಆಸ್ತಿಯ ಹಸ್ತಾಂತರ, ಹಿಂದೂ ಧರ್ಮಶಾಸ್ತ್ರ ಮುಂತಾದ ವಿಷಯಗಳನ್ನು ಕುರಿತು ಅವರು ರಚಿಸಿದ ಬೃಹದ್‌ಗ್ರಂಥಗಳು ವಕೀಲರಿಗೆ ಕೈಪಿಡಿಗಳಾದವು. ಕೀರ್ತಿಯೊಡನೆ ಐಶ್ವರ್ಯವೂ ಬಂದಿತು. ಕೇಂದ್ರ ಶಾಸನಸಭೆಯ ಸದಸ್ಯರಾಗಿ ಅವರು ಸಮಾಜಸುಧಾರಣೆಗೆ ಶ್ರಮಿಸಿದರು. ಜಾತಿಯ ಕಟ್ಟನ್ನು ಮೀರಿದ ವಿವಾಹಗಳಿಗೆ ಕಾನೂನಿನ ಮನ್ನಣೆಯನ್ನು ವಿಸ್ತರಿಸಿದ 1923ರ ತಿದ್ದುಪಡಿ ಅವರ ಪ್ರಯತ್ನದ ಫಲವಾಗಿತ್ತು.

1922ರಲ್ಲಿ ದೆಹಲಿ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಗೌರ್ ಅವರು ಅದರ ಪ್ರಥಮ ಉಪಕುಲಪತಿಗಳಾದರು. ಆಗ ಅದರಲ್ಲಿ ಇದ್ದುದು ಮೂರೇ ಕಾಲೇಜುಗಳು. ಅಲ್ಪ ಸಾಧನಗಳಿಂದ ದೊಡ್ಡ ಸಂಸ್ಥೆಯೊಂದನ್ನು ಕಟ್ಟುವ ಬಗೆಯನ್ನು ಅವರು ಅಲ್ಲಿ ಕಂಡುಕೊಂಡರು. ಮುಂದೆ ನಾಗಪುರ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿಯೂ ಸೇವೆ ಸಲ್ಲಿಸಿದರು. ಎರಡು ನಗರಗಳ ವಿದ್ಯಾಪೀಠಗಳನ್ನು ನಡೆಸಿದ ಅವರಿಗೆ ತಮ್ಮ ಹುಟ್ಟೂರಿನ ಕೊರತೆ ಮರೆಯಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆ ಪ್ರಾಂತದ ಹಿಂದೀ ಭಾಗಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯವು ಬೇಕೆಂಬ ವಿಚಾರ ಬಲಗೊಂಡಿತು. ಜಬಲ್‌ಪುರವೇ ಅದಕ್ಕೆ ಯೋಗ್ಯವಾದ ಸ್ಥಳವೆಂಬ ಅಭಿಪ್ರಾಯವಿತ್ತು. ಅದು ದೊಡ್ಡ ನಗರ, ಅಲ್ಲಿ ಕಾಲೇಜುಗಳಿದ್ದವು. ಸಣ್ಣ ಊರಾದ ಸಾಗರವು ಇಷ್ಟು ದೊಡ್ಡ ಸಂಸ್ಥೆಯನ್ನು ಹೇಗೆ ತಾನೆ ಹೊರಬಲ್ಲದು? ಗೌರ್ ಅವರು ಈ ಸಂದೇಹಕ್ಕೆ ತಮ್ಮ ಗಳಿಕೆಯಿಂದಲೇ ಉತ್ತರವಿತ್ತರು. ವಿಶ್ವವಿದ್ಯಾಲಯವು ಸಾಗರದಲ್ಲಿ ನೆಲೆಗೊಳ್ಳುವುದಾದರೆ 20 ಲಕ್ಷ ರೂಪಾಯಿಗಳನ್ನು ನೀಡಲು ಅವರು ಮುಂದಾದರು. ಅಂದಿನ ದಿನಗಳಲ್ಲಿ ಅದು ಅಪಾರ ಧನ.

1946ನೆಯ ಜುಲೈ 18ರಂದು ಸಾಗರ ವಿಶ್ವವಿದ್ಯಾಲಯವು ಜನ್ಮತಾಳಿತು. ಅದಕ್ಕೆ ಸ್ವಂತ ಕಟ್ಟಡಗಳಿರಲಿಲ್ಲ. ಊರಿನ ಹೊರಗೆ ಮಕರೋನಿಯಾ ಎಂಬಲ್ಲಿ ಸೈನಿಕರಿಗಾಗಿ ಕಟ್ಟಿದ್ದ ವಸತಿಗಳಲ್ಲಿಯೇ ತರಗತಿಗಳು ಆರಂಭವಾದವು. ಎಪ್ಪತ್ತೈದು ವರ್ಷ ವಯಸ್ಸಿನ ಗೌರ್ ಅವರೇ ಉಪಕುಲಪತಿಗಳಾಗಿ ಭಾರವನ್ನು ಹೊತ್ತರು. ಬೀಡಿ ಕಟ್ಟುವ ಕೈಗಳೇ ಹೆಚ್ಚಾಗಿದ್ದ ಊರಿಗೆ ದೂರದೂರದಿಂದ ಪ್ರಾಧ್ಯಾಪಕರು ಬಂದರು. ಮಾನವಶಾಸ್ತ್ರಜ್ಞ ಎಸ್. ಸಿ. ದುಬೆ, ಹಿಂದಿಯ ವಿಮರ್ಶಕ ನಂದದುಲಾರೆ ವಾಜಪೇಯಿ ಮೊದಲಾದವರು ಕ್ರಮೇಣ ಅಲ್ಲಿ ಬೋಧಿಸಿದರು. ವಿದ್ಯೆಗಾಗಿ ಊರನ್ನು ಬಿಡಬೇಕಾಗಿದ್ದ ಸಾಗರದ ಮಕ್ಕಳಿಗೆ ವಿದ್ಯೆಯು ಮನೆಯ ಬಾಗಿಲಿಗೇ ಬಂದಿತು. ಪರ ಊರುಗಳ ಮಕ್ಕಳೂ ಅದನ್ನರಸಿ ಸಾಗರಕ್ಕೆ ಬಂದರು.

ಗೌರ್ ಅವರು ಸಂವಿಧಾನ ರಚನಾಸಭೆಯ ಸದಸ್ಯರೂ ಆಗಿದ್ದರು. 1949ನೆಯ ಡಿಸೆಂಬರ್ 25ರಂದು ಅವರು ನಿಧನರಾದರು. ತಮ್ಮ ಆಸ್ತಿಯ ಬಹುಭಾಗವನ್ನು ಅವರು ಮರಣಶಾಸನದ ಮೂಲಕ ವಿಶ್ವವಿದ್ಯಾಲಯಕ್ಕೇ ಬಿಟ್ಟಿದ್ದರು. ತರುವಾಯ ಪಥರಿಯಾ ಗುಡ್ಡದ ಮೇಲೆ ಅದರ ಸ್ವಂತ ಕಟ್ಟಡಗಳು ಎದ್ದುನಿಂತವು. ಮುಂದೆ ಜಬಲ್‌ಪುರಕ್ಕೂ ಪ್ರತ್ಯೇಕ ವಿಶ್ವವಿದ್ಯಾಲಯ ದೊರೆಯಿತು. ಅದರಿಂದ ಸಾಗರದ ವಿದ್ಯಾಪೀಠವು ಸೊರಗಲಿಲ್ಲ. 1983ರಲ್ಲಿ ಅದಕ್ಕೆ ಸ್ಥಾಪಕರ ಹೆಸರನ್ನಿಡಲಾಯಿತು. 2009ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು.

ಊರನ್ನು ಬಿಟ್ಟು ದೊಡ್ಡವರಾದವರು ಅನೇಕರು. ಊರನ್ನು ನೆನೆದು ಕಣ್ತುಂಬಿಕೊಳ್ಳುವವರೂ ಉಂಟು. ತಾವು ಪಟ್ಟ ಕಷ್ಟವು ಮುಂದಿನವರಿಗೆ ಬರಬಾರದೆಂದು ಜೀವಮಾನದ ಗಳಿಕೆಯನ್ನೇ ಊರಿಗೆ ಒಪ್ಪಿಸುವವರು ವಿರಳ. ಅಂತಹ ವಿರಳರಲ್ಲಿ ಹರಿಸಿಂಗ್ ಗೌರ್ ಒಬ್ಬರು. ವಿದ್ಯೆಗೆ ನೆಲೆಯಾಗಲು ಊರು ದೊಡ್ಡದಾಗಿರಬೇಕಿಲ್ಲ, ನೆಲೆಯಾದ ವಿದ್ಯೆಯು ಊರನ್ನು ದೊಡ್ಡದು ಮಾಡುತ್ತದೆ ಎಂಬುದನ್ನು ಅವರ ಬಾಳು ತೋರಿಸಿಕೊಟ್ಟಿದೆ.